ಹಳಿ ಬದಲಾದಾಗ ನಿಂತ ಬಂಡಿ

ಮಿರಜದಿಂದ ಹೊರಟು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ದಾಟಿ ಬೆಳಗಾವಿಯ ಕಡೆಗೆ ಸಾಗುವ ರೈಲುಮಾರ್ಗವು ಒಂದು ಕಾಲದಲ್ಲಿ ಮೀಟರ್ ಗೇಜಿನದಾಗಿತ್ತೆಂಬುದು ಆ ಪ್ರಾಂತದ ಹಿರಿಯರಿಗೆ ತಿಳಿದ ಸಂಗತಿ. ಎರಡು ಹಳಿಗಳ ನಡುವಣ ಅಂತರ ಸರಿಯಾಗಿ ಒಂದು ಮೀಟರು, ಎಂದರೆ 1000 ಮಿಲಿಮೀಟರು. ಪುಣೆಯ ಕಡೆಯ ಹಳಿ ಅಗಲಗೊಂಡ ಮೇಲೆ ಮಿರಜ ಜಂಕ್ಷನ್ನಿನಲ್ಲಿ ಮೂರು ಅಳತೆಗಳು ಕೂಡಿದ್ದವು: 1676 ಮಿಲಿಮೀಟರಿನ ಬ್ರಾಡ್ ಗೇಜು, 1000 ಮಿಲಿಮೀಟರಿನ ಮೀಟರ್ ಗೇಜು, ಮತ್ತು ಕುರ್ಡುವಾಡಿಯ ಕಡೆಗೆ ಹೋಗುತ್ತಿದ್ದ 762 ಮಿಲಿಮೀಟರಿನ ಕಿರುಹಳಿ. ಒಂದರ ಮೇಲೆ ಓಡುವ ಬಂಡಿ ಇನ್ನೊಂದರ ಮೇಲೆ ಒಂದು ಗೇಣೂ ಚಲಿಸಲಾರದು. ಪ್ರಯಾಣಿಕರು ಟ್ರಂಕುಗಳನ್ನು ಹೊತ್ತು ಬಂಡಿ ಬದಲಿಸಲೇಬೇಕು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಪ್ರಾರಂಭವಾಯಿತು. ಅದೇ ದಶಕದಲ್ಲಿ ಈ ಮಾರ್ಗವೂ ಬ್ರಾಡ್ ಗೇಜಿಗೆ ತಿರುಗಿತು. ಅಂದು ಬದಿಗೆ ಸರಿದ ಡಬ್ಬಿಗಳಲ್ಲಿ ಎಷ್ಟೋ ಡಬ್ಬಿಗಳಿಗೆ ಯಾವ ಕೇಡೂ ಆಗಿರಲಿಲ್ಲ. ಗಾಲಿ ಗಟ್ಟಿಯಾಗಿತ್ತು, ಆಸನ ನೆಟ್ಟಗಿತ್ತು. ಕೆಳಗಿನ ಹಳಿ ಮಾತ್ರ ಬದಲಾಗಿತ್ತು.

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇಂದಿನ ಗಣಕಯಂತ್ರದ ಒಂದು ವಿಚಿತ್ರ ತೊಡಕು ಸುಲಭವಾಗಿ ಅರ್ಥವಾಗುವುದು. ರಾತ್ರಿ ಚೆನ್ನಾಗಿ ನಡೆಯುತ್ತಿದ್ದ ತಂತ್ರಾಂಶವೊಂದು ಬೆಳಗಾಗುವಷ್ಟರಲ್ಲಿ ನಿಂತುಹೋಗುತ್ತದೆ. ಅದನ್ನು ಯಾರೂ ಮುಟ್ಟಿಲ್ಲ; ಅದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೂ ಅದು ಏಳಲೊಲ್ಲದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ — ಈ ಐದು ಊರುಗಳ ಪೈಕಿ ಯಾವುದಾದರೊಂದರ ಪೇಟೆಬೀದಿಯಲ್ಲಿ ಒಂದು ಚಿಕ್ಕ ಮುದ್ರಣಾಲಯವನ್ನು ವಾಚಕರು ಊಹಿಸಿಕೊಳ್ಳಲಿ. ಗಡಿನಾಡಿನ ಮುದ್ರಣಾಲಯವಾದ್ದರಿಂದ ಅಲ್ಲಿ ಕನ್ನಡವೂ ಬೇಕು, ಮರಾಠಿಯೂ ಬೇಕು. ಕನ್ಯೆ ಅಥಣಿಯವಳು, ವರ ನಿಪ್ಪಾಣಿಯವನು ಎಂದಾಗ ಲಗ್ನಪತ್ರಿಕೆಯ ಒಂದು ಪುಟ ಒಂದು ಭಾಷೆಯಲ್ಲಿಯೂ ಇನ್ನೊಂದು ಪುಟ ಇನ್ನೊಂದು ಭಾಷೆಯಲ್ಲಿಯೂ ಇರುವುದು ಅಲ್ಲಿ ಸಹಜ. ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಕೂಡಿಬಂದ ಪತ್ರಿಕೆಗಳು, ಜಾತ್ರೆಯ ಕರಪತ್ರಗಳು, ಶಾಲೆಗಳ ವಾರ್ಷಿಕ ವರದಿಗಳು, ಊರಿನ ಕವಿಯೊಬ್ಬರ ವಚನಸಂಗ್ರಹ, ಎಲ್ಲವೂ ಆ ಯಂತ್ರದೊಳಗಿವೆ. ಅವನ್ನು ಜೋಡಿಸಿದ್ದು ಆ ಕಾಲದ ಪೇಜ್‌ಮೇಕರಿನಲ್ಲಿ. ಅಕ್ಷರಗಳು ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿಯವು, ಕೆಲವು ಕನ್ನಡ ಗಣಕ ಪರಿಷತ್ತಿನ ನುಡಿಯವು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಅಲ್ಲಿ ಇವೆಲ್ಲ ನಡೆಯುವುದು ವಿಂಡೋಸ್ ಎಂಬ ವ್ಯವಸ್ಥೆಯ ಮೇಲೆ, ಅದರಲ್ಲೂ ಹಳೆಯ ವಿಂಡೋಸಿನಲ್ಲಿಯೇ ಹಾಯಾಗಿ ನಡೆಯತಕ್ಕವು.

ಆದರೆ ಹಳೆಯ ವಿಂಡೋಸನ್ನು ನೇರವಾಗಿ ನಡೆಸಿಕೊಂಡು ಹೋಗುವುದು ಕ್ಷೇಮವಲ್ಲ. ವಿಂಡೋಸ್ ಎಕ್ಸ್‌ಪಿಯ ರಕ್ಷಣಾ ಪರಿಷ್ಕಾರಗಳು 2014ರ ಏಪ್ರಿಲ್ 8ರಂದೇ ನಿಂತವು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಸಲಕರಣೆ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಇಂಥ ಸಂದರ್ಭದಲ್ಲಿ ಮುದ್ರಣಾಲಯದವರು ಲಿನಕ್ಸನ್ನು ಹಿಡಿದರೆ ಆಶ್ಚರ್ಯವಿಲ್ಲ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲಿಯೂ ಅದು ನಡೆಯುತ್ತದೆ. ನಮ್ಮ ನಾಡಿಗೆ ಅದು ಹೊಸದೂ ಅಲ್ಲ; 1996ರಲ್ಲಿಯೇ ಪಿಸಿಕ್ವೆಸ್ಟ್ ಎಂಬ ಮಾಸಪತ್ರಿಕೆ ತನ್ನ ಸಂಚಿಕೆಯ ಜೊತೆಗೆ ಲಿನಕ್ಸಿನ ಸಿ.ಡಿ.ಯನ್ನು ಹಂಚಿತ್ತು. ಹೊರಗೆ ಲಿನಕ್ಸು, ಒಳಗೆ ಹಳೆಯ ವಿಂಡೋಸು ಎಂಬ ಏರ್ಪಾಡನ್ನು ಸಾಧ್ಯಗೊಳಿಸುವುದೇ ವರ್ಚುವಲ್ ಮಷಿನ್. ಅದನ್ನು ಒಳಯಂತ್ರವೆಂದು ಕರೆಯಬಹುದು.

ಒಳಯಂತ್ರವೆಂದರೆ ಗಣಕಯಂತ್ರದೊಳಗೆ ತೋರುವ ಇನ್ನೊಂದು ಗಣಕಯಂತ್ರ. ಅದಕ್ಕೆ ಬೇರೆ ಪೆಟ್ಟಿಗೆಯಿಲ್ಲ, ಬೇರೆ ತಂತಿಯಿಲ್ಲ. ಅದರ ಡಿಸ್ಕು ಎಂಬುದು ಹೊರಗಿನ ಡಿಸ್ಕಿನ ಮೇಲಿರುವ ಒಂದು ದೊಡ್ಡ ಕಡತ ಮಾತ್ರ. ಒಳಗೆ ಕುಳಿತ ವಿಂಡೋಸಿಗಾದರೋ ತಾನೊಂದು ನಿಜವಾದ ಯಂತ್ರದ ಒಡೆಯನೆಂಬ ಭ್ರಮೆ. ಈ ಉಪಾಯ ಇಂದಿನದಲ್ಲ, ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲಿಯೇ ಅಮೆರಿಕೆಯ ಕೇಂಬ್ರಿಜ್ ನಗರದಲ್ಲಿ ಇದನ್ನು ರೂಪಿಸಿ, 1972ರಲ್ಲಿ ತಮ್ಮ ದೊಡ್ಡ ಯಂತ್ರಗಳೊಡನೆ ಮಾರುಕಟ್ಟೆಗೆ ತಂದರು. ಮೇಜಿನ ಮೇಲಿನ ಯಂತ್ರಕ್ಕೆ ಅದನ್ನು ತಂದವರಲ್ಲಿ 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಮೊದಲನೆಯ ಸಾಲಿನದು. ಜರ್ಮನಿಯ ಇನ್ನೊಟೆಕ್ ಸಂಸ್ಥೆ 2007ರಲ್ಲಿ ವರ್ಚುವಲ್‌ಬಾಕ್ಸನ್ನು ಮುಕ್ತವಾಗಿ ಹೊರತಂದಿತು. ಅದು ಸನ್ ಸಂಸ್ಥೆಯ ಕೈಸೇರಿ, 2010ರಿಂದ ಒರಾಕಲ್ ಸಂಸ್ಥೆಯದಾಗಿದೆ.

ಮುದ್ರಣಾಲಯದಲ್ಲಿರುವುದು ಈ ವರ್ಚುವಲ್‌ಬಾಕ್ಸು. ವೈಶಾಖಮಾಸ, ಲಗ್ನಗಳ ಭರಾಟೆ. ಹತ್ತು ಗಂಟೆಗೆ ಬೀಗರ ಕಡೆಯವರು ಕರಡು ನೋಡಲು ಬರತಕ್ಕವರು. ಹಿಂದಿನ ಸಂಜೆ ಯಂತ್ರವು ಪರಿಷ್ಕಾರಗಳು ಬಂದಿವೆಯೆಂದು ಕೇಳಿತ್ತು. ಯಜಮಾನರು ಒಪ್ಪಿಗೆ ಒತ್ತಿ ಮನೆಗೆ ಹೋಗಿದ್ದರು. ಬೆಳಗ್ಗೆ ಯಂತ್ರ ಎದ್ದಿತು, ಲಿನಕ್ಸು ಎದ್ದಿತು. ಒಳಯಂತ್ರ ಮಾತ್ರ ಏಳಲಿಲ್ಲ. 'ಕರ್ನೆಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್' ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ಋಣ 1908 ಎಂಬ ಒಂದು ಸಂಖ್ಯೆ.

ಇಪ್ಪತ್ತು ವರ್ಷಗಳ ದುಡಿಮೆ ಒಂದು ಸಾಲಿನ ಹಿಂದೆ ಸಿಕ್ಕಿಬಿದ್ದಿರುವಾಗ ಮನುಷ್ಯನಿಗೆ ತೋಚುವ ಮೊದಲ ಉಪಾಯ ಸಾಮಾನ್ಯವಾಗಿ ಕೆಟ್ಟ ಉಪಾಯವೇ ಆಗಿರುತ್ತದೆ. ಯಜಮಾನರಿಗೂ ಹಾಗೆಯೇ ತೋಚಿತು: ಎಲ್ಲವನ್ನೂ ಅಳಿಸಿ ಮತ್ತೆ ಹೊಸದಾಗಿ ಹಾಕಿಬಿಡುವುದು. ಅವರ ಕೈ ಒಳಯಂತ್ರದ ಹೆಸರಿನ ಮೇಲೆ ಹೋಗಿ, 'ಎಲ್ಲ ಕಡತಗಳನ್ನೂ ಅಳಿಸಬೇಕೆ' ಎಂದು ಯಂತ್ರ ಕೇಳುವವರೆಗೂ ಬಂದಿತ್ತು. ಇಂಜಿನಿಯರಿಂಗ್ ಓದುತ್ತಿರುವ ಮಗಳು ಆ ಹೊತ್ತಿಗೆ ಚಹದ ಬಟ್ಟಲು ಹಿಡಿದು ಬಾರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಆ ಸಾಲನ್ನು ಓದಿದಳು. ಓದಿ, ತಂದೆಯ ಕೈಯನ್ನು ಮೆಲ್ಲನೆ ಸರಿಸಿದಳು. ಏಕೆಂದರೆ ಆ ಸಾಲು ಹೇಳುತ್ತಿದ್ದುದು ವಿಂಡೋಸಿನ ವಿಷಯವನ್ನಲ್ಲ, ಶ್ರೀಲಿಪಿಯ ವಿಷಯವನ್ನಲ್ಲ, ಕಡತಗಳ ವಿಷಯವನ್ನಂತೂ ಅಲ್ಲವೇ ಅಲ್ಲ. ಡಬ್ಬಿಯೊಳಗಿನ ಸಾಮಾನೆಲ್ಲ ಇದ್ದಂತೆಯೇ ಇತ್ತು. ಗಾಲಿಗೂ ಹಳಿಗೂ ಹೊಂದಿಕೆ ತಪ್ಪಿತ್ತು, ಅಷ್ಟೇ.

ಈ ಹೊಂದಿಕೆ ಎಂಥದೆಂಬುದನ್ನು ಸ್ವಲ್ಪ ವಿವರಿಸಬೇಕು. ಲಿನಕ್ಸಿನ ನಡುಮಧ್ಯದಲ್ಲಿ ಕರ್ನೆಲ್ ಎಂಬ ತಿರುಳಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ತೊಡಗಿದ್ದು ಇದನ್ನೇ. ಸ್ಮರಣೆ, ಡಿಸ್ಕು, ಪರದೆ, ಜಾಲ, ಇವೆಲ್ಲವುಗಳ ಮೇಲೆ ಅಧಿಕಾರವಿರುವುದು ಕರ್ನೆಲ್ಲಿಗೆ ಮಾತ್ರ. ಪತ್ರ ಬರೆಯುವ ತಂತ್ರಾಂಶ, ಲೆಕ್ಕ ಮಾಡುವ ತಂತ್ರಾಂಶ ಮೊದಲಾದವು ಹೊರಗಿನ ಕಿಟಕಿಯಲ್ಲಿ ನಿಂತು ಬೇಕಾದುದನ್ನು ಕೇಳಿ ಪಡೆಯುತ್ತವೆ. ಒಳಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಆ ಕಿಟಕಿ ಸಾಲದು. ಸಂಸ್ಕಾರಕದ ವಿಶೇಷ ಶಕ್ತಿಯನ್ನು ಅದು ನೇರವಾಗಿ ಹಿಡಿಯಬೇಕಾಗುತ್ತದೆ. ಆದುದರಿಂದ ಅದು ತನ್ನದೊಂದು ತುಂಡನ್ನು ಕರ್ನೆಲ್ಲಿನ ಒಳಗೇ ಇರಿಸುತ್ತದೆ. ಈ ತುಂಡಿಗೆ ಮಾಡ್ಯೂಲ್ ಎಂದು ಹೆಸರು. ವರ್ಚುವಲ್‌ಬಾಕ್ಸಿನ ಮುಖ್ಯ ಮಾಡ್ಯೂಲು ವಿಬಾಕ್ಸ್‌ಡ್ರೈವ್. ವಿಎಂವೇರಿನವು ವಿಎಂಮಾನ್ ಮತ್ತು ವಿಎಂನೆಟ್.

ಮಾಡ್ಯೂಲನ್ನು ಆಯಾ ಕರ್ನೆಲ್ಲಿನ ಅಳತೆಗೆ ಸರಿಯಾಗಿ ಅಲ್ಲಿಯೇ ಕಟ್ಟಬೇಕು. ಒಂದು ಆವೃತ್ತಿಗಾಗಿ ಕಟ್ಟಿದ್ದನ್ನು ಇನ್ನೊಂದರೊಳಗೆ ತೂರಿಸಹೋದರೆ ಕರ್ನೆಲ್ಲು ಅದರ ಮೇಲಿನ ಆವೃತ್ತಿಯ ಮುದ್ರೆಯನ್ನು ನೋಡಿ ತಿರಸ್ಕರಿಸುತ್ತದೆ. ಇದು ಮೊಂಡತನವಲ್ಲ. ಒಳಗೆ ಬಂದ ಮಾಡ್ಯೂಲಿಗೆ ಎಲ್ಲ ಅಧಿಕಾರವೂ ಉಂಟು. ಅಳತೆ ತಪ್ಪಿದ ಗಾಲಿಯನ್ನು ಹಳಿಗೆ ಬಿಟ್ಟರೆ ಉರುಳುವುದು ಆ ಡಬ್ಬಿ ಒಂದೇ ಅಲ್ಲ, ಇಡೀ ಗಾಡಿ.

ಹಾಗಾದರೆ ಹಳಿಯ ಅಳತೆಯನ್ನು ಪದೇ ಪದೇ ಏಕೆ ಬದಲಿಸಬೇಕು ಎಂಬ ಪ್ರಶ್ನೆ ಏಳುವುದು ನ್ಯಾಯವಾಗಿದೆ. ಇಲ್ಲಿ ಲಿನಕ್ಸಿನವರದು ಎರಡು ಬಗೆಯ ಧೋರಣೆ. ಹೊರಗಿನ ಕಿಟಕಿಯ ವಿಷಯದಲ್ಲಿ ಅವರದು ಕಟ್ಟುನಿಟ್ಟಿನ ನೇಮ: ನಿನ್ನೆ ನಡೆಯುತ್ತಿದ್ದ ಸಾಮಾನ್ಯ ತಂತ್ರಾಂಶ ಇಂದು ಕರ್ನೆಲ್ಲಿನಿಂದಾಗಿ ಕೆಡಬಾರದು. ಈ ನೇಮ ಮುರಿದವರನ್ನು ಟೊರ್ವಾಲ್ಡ್ಸರು ಕಠಿಣವಾಗಿ ತರಾಟೆಗೆ ತೆಗೆದುಕೊಂಡದ್ದುಂಟು. ಆದರೆ ಒಳಗಿನ ಅಳತೆಗಳ ವಿಷಯದಲ್ಲಿ ಅವರು ಯಾವ ಭಾಷೆಯನ್ನೂ ಕೊಟ್ಟಿಲ್ಲ. ಕರ್ನೆಲ್ಲಿನ ಹಿರಿಯ ನಿರ್ವಾಹಕರಲ್ಲಿ ಒಬ್ಬರಾದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಇದನ್ನು ವಿವರಿಸಿ ಬರೆದ ಲೇಖನವೊಂದು ಕರ್ನೆಲ್ಲಿನ ಮೂಲಪಾಠದ ಜೊತೆಯಲ್ಲಿಯೇ ಹಂಚಲ್ಪಡುತ್ತದೆ. ಅದರ ಸಾರಾಂಶ ಇಷ್ಟು: ಒಳಗೆ ತಪ್ಪು ಕಂಡಾಗ, ಅಥವಾ ಮೇಲಾದ ವಿಧಾನ ಹೊಳೆದಾಗ ಅಳತೆಯನ್ನು ತಿದ್ದುವ ಸ್ವಾತಂತ್ರ್ಯ ಬೇಕು, ತಿದ್ದಿದವರು ಕರ್ನೆಲ್ಲಿನ ಮನೆಯೊಳಗಿರುವ ಎಲ್ಲ ಮಾಡ್ಯೂಲುಗಳನ್ನೂ ತಾವೇ ಸರಿಪಡಿಸಿಕೊಡಬೇಕು, ಮನೆಯ ಹೊರಗೆ ಇರುವ ಮಾಡ್ಯೂಲುಗಳನ್ನು ಅವುಗಳ ಒಡೆಯರೇ ನೋಡಿಕೊಳ್ಳಬೇಕು.

ಹೊಸ ಕರ್ನೆಲ್ಲು ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬೀಳುತ್ತದೆ. ವರ್ಚುವಲ್‌ಬಾಕ್ಸು, ವಿಎಂವೇರುಗಳ ಮಾಡ್ಯೂಲುಗಳು ಹೊರಗಿನವು. ಆದುದರಿಂದಲೇ ಪ್ರತಿಸಲವೂ ಅವುಗಳಿಗೆ ಪರೀಕ್ಷೆ. 2020ರಲ್ಲಿ ಬಂದ 5.7ನೆಯ ಕರ್ನೆಲ್ಲು, ಹೊರಗಿನ ಮಾಡ್ಯೂಲುಗಳು ಒಳಗಿನ ಹೆಸರುಗಳನ್ನು ಹುಡುಕಲು ಬಳಸುತ್ತಿದ್ದ ಒಂದು ಹಿತ್ತಿಲ ಬಾಗಿಲನ್ನು ಮುಚ್ಚಿತು. ಇಂಥ ಬದಲಾವಣೆಗಳು ಹಲವು. ಅಧಿಕೃತ ದುರಸ್ತಿ ಬರುವುದು ಕೆಲವೊಮ್ಮೆ ತಡವಾಗುತ್ತದೆ. ವಿಎಂವೇರಿನ ವಿಷಯದಲ್ಲಿ ಸೂಸೆ ಸಂಸ್ಥೆಯ ಕರ್ನೆಲ್ ತಂತ್ರಜ್ಞ ಮಿಖಲ್ ಕುಬೆಚೆಕ್ ಎಂಬವರು ಅನೇಕ ವರ್ಷಗಳ ಕಾಲ, ಹೊಸ ಕರ್ನೆಲ್ಲು ಬಂದಾಗಲೆಲ್ಲ ಆ ಮಾಡ್ಯೂಲುಗಳನ್ನು ತಿದ್ದಿ ಎಲ್ಲರಿಗೂ ಉಚಿತವಾಗಿ ಒದಗಿಸುತ್ತಿದ್ದರು. ಎಷ್ಟು ದೇಶಗಳ ಎಷ್ಟು ಮೇಜುಗಳ ಮೇಲೆ ಅವರ ದುಡಿಮೆ ಬೆಳಗಿನ ಕೆಲಸವನ್ನು ಉಳಿಸಿದೆಯೋ ಲೆಕ್ಕ ಇಟ್ಟವರಿಲ್ಲ.

ಈಗ ಮುದ್ರಣಾಲಯಕ್ಕೆ ಮರಳಬಹುದು. ಹತ್ತಕ್ಕೆ ಇನ್ನು ಮುಕ್ಕಾಲು ಗಂಟೆ ಉಳಿದಿದೆ. ಮಗಳು ಮೊದಲು ಮಾಡಿದ್ದು ದುರಸ್ತಿಯಲ್ಲ, ಹಿಂದಡಿ. ಉಬುಂಟು, ಡೆಬಿಯನ್, ಫೆಡೋರಾ ಮುಂತಾದ ಲಿನಕ್ಸುಗಳು ಹೊಸ ಕರ್ನೆಲ್ಲನ್ನು ಸ್ಥಾಪಿಸಿದಾಗ ಹಳೆಯದನ್ನು ಕೂಡಲೇ ಎಸೆಯುವುದಿಲ್ಲ. ಸಾಮಾನ್ಯವಾಗಿ ಹಿಂದಿನ ಒಂದನ್ನಾದರೂ ಉಳಿಸಿಕೊಂಡಿರುತ್ತವೆ. ಯಂತ್ರ ಏಳುವಾಗ ಗ್ರಬ್ ಎಂಬ ಪಟ್ಟಿಯನ್ನು ತೋರಿಸಿಕೊಂಡು, ಅದರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಎಂಬುದನ್ನು ಆರಿಸಿದರೆ ಕರ್ನೆಲ್ಲುಗಳ ಹೆಸರುಗಳು ಒಂದರ ಕೆಳಗೊಂದು ಕಾಣುವುವು. ಎರಡನೆಯದನ್ನು ಆರಿಸಿದ ಎರಡು ನಿಮಿಷಕ್ಕೆ ಒಳಯಂತ್ರ ಎದ್ದು ನಿಂತಿತು. ಹಳೆಯ ವಿಂಡೋಸಿನ ಹಸಿರು ಗುಡ್ಡ ಕಂಡಿತು. ಬೀಗರು ಬಂದು ಕರಡು ನೋಡಿ, ಸೋದರಮಾವನ ಹೆಸರಿನಲ್ಲಿ ಒಂದು ದೀರ್ಘ ತಿದ್ದಿ, ಚಹ ಕುಡಿದು ಹೋದರು. ಯಂತ್ರ ಕೈಕೊಟ್ಟಿತ್ತೆಂಬ ಸುಳಿವು ಕೂಡ ಅವರಿಗೆ ಹತ್ತಲಿಲ್ಲ.

ಆದರೆ ಹಳೆಯ ಕರ್ನೆಲ್ಲಿನಲ್ಲಿಯೇ ಸದಾ ಉಳಿಯುವುದು ಸರಿಯಲ್ಲ. ಪರಿಷ್ಕಾರಗಳಲ್ಲಿ ರಕ್ಷಣೆಗೆ ಸಂಬಂಧಿಸಿದವು ಇರುತ್ತವೆ. ಮಧ್ಯಾಹ್ನ ಊಟವಾದ ಮೇಲೆ, ಗಿರಾಕಿಗಳಿಲ್ಲದ ವೇಳೆಯಲ್ಲಿ, ನಿಜವಾದ ದುರಸ್ತಿಗೆ ತೊಡಗಬೇಕು. ಅದರ ಕ್ರಮ ಹೀಗೆ.

ಮೊದಲನೆಯದಾಗಿ, ಒಳಯಂತ್ರವನ್ನು ಪೂರ್ತಿಯಾಗಿ ಮುಚ್ಚಿ ಅದರ ಡಿಸ್ಕಿನ ಕಡತವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ವರ್ಚುವಲ್‌ಬಾಕ್ಸಿನಲ್ಲಿ ಇದರ ಹೆಸರು ಸಾಮಾನ್ಯವಾಗಿ ವಿ.ಡಿ.ಐ. ಎಂದು ಕೊನೆಗೊಳ್ಳುತ್ತದೆ. ಸ್ನ್ಯಾಪ್‌ಶಾಟುಗಳನ್ನು ಇಟ್ಟುಕೊಂಡಿದ್ದರೆ ಒಳಯಂತ್ರದ ಇಡೀ ಕೋಶವನ್ನೇ ನಕಲಿಸಬೇಕು. ಮುಂದೆ ಏನೇ ಆದರೂ ಗಂಟು ಕ್ಷೇಮ.

ಎರಡನೆಯದಾಗಿ, ಹೊಸ ಕರ್ನೆಲ್ಲಿಗೆ ಮರಳಿ, ಆಜ್ಞೆಗಳ ಕಿಟಕಿಯಲ್ಲಿ 'ಯುನೇಮ್ -ಆರ್' ಎಂದು ಕೇಳಿದರೆ ಈಗ ನಡೆಯುತ್ತಿರುವ ಕರ್ನೆಲ್ಲಿನ ಪೂರ್ಣ ಸಂಖ್ಯೆ ದೊರೆಯುವುದು. ಅದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಮಾಡ್ಯೂಲು ಕಟ್ಟಲು ಬೇಕಾದ ಅಳತೆಯ ಪತ್ರಗಳಿಗೆ ಹೆಡರ್ಸ್ ಎಂದು ಹೆಸರು. ಅವುಗಳ ಸಂಖ್ಯೆ ಕರ್ನೆಲ್ಲಿನ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಅನೇಕ ಸಲ ಎಲ್ಲ ಗೋಳಿಗೂ ಕಾರಣ ಇಷ್ಟೇ: ಕರ್ನೆಲ್ಲು ಹೊಸದು ಬಂದಿದೆ, ಹೆಡರ್ಸ್ ಬಂದಿಲ್ಲ. ಉಬುಂಟುವಿನಲ್ಲಿ 'ಲಿನಕ್ಸ್-ಹೆಡರ್ಸ್-ಜೆನೆರಿಕ್' ಎಂಬ ಗಂಟನ್ನು ಒಮ್ಮೆ ಹಾಕಿಟ್ಟುಕೊಂಡರೆ ಮುಂದೆ ಸಾಮಾನ್ಯ ಕರ್ನೆಲ್ಲಿನ ಜೊತೆಗೆ ಅದರ ಹೆಡರ್ಸೂ ತಾವಾಗಿಯೇ ಬರುತ್ತವೆ.

ಮೂರನೆಯದಾಗಿ, ಮಾಡ್ಯೂಲನ್ನು ಮರಳಿ ಕಟ್ಟಿಸಬೇಕು. ಈ ಕೆಲಸವನ್ನು ತಾನಾಗಿಯೇ ಮಾಡುವ ಡಿ.ಕೆ.ಎಂ.ಎಸ್. ಎಂಬ ಉಪಕರಣವನ್ನು ಡೆಲ್ ಸಂಸ್ಥೆಯ ತಂತ್ರಜ್ಞರು 2003ರಲ್ಲಿ ರೂಪಿಸಿದರು. ಮಾಡ್ಯೂಲಿನ ಮೂಲಪಾಠವನ್ನು ಅದು ತನ್ನಲ್ಲಿ ಇಟ್ಟುಕೊಂಡು, ಹೊಸ ಕರ್ನೆಲ್ಲು ಬಂದಾಗಲೆಲ್ಲ ಅದರ ಅಳತೆಗೆ ಹೊಸ ಮಾಡ್ಯೂಲು ಕಟ್ಟಿ ಸ್ಥಾಪಿಸುತ್ತದೆ. ಹೆಡರ್ಸ್ ಇಲ್ಲದೆ ಅದು ಸೋತಿದ್ದರೆ, ಅವು ಬಂದ ಮೇಲೆ 'ಡಿಕೆಎಂಎಸ್ ಆಟೋಇನ್‌ಸ್ಟಾಲ್' ಎಂಬ ಆಜ್ಞೆ ಸಾಕು. ವರ್ಚುವಲ್‌ಬಾಕ್ಸನ್ನು ಒರಾಕಲ್ಲಿನಿಂದ ನೇರವಾಗಿ ತಂದವರಿಗೆ 'ವಿಬಾಕ್ಸ್‌ಕಾನ್ಫಿಗ್' ಎಂಬ ಆಜ್ಞೆ ಅದೇ ಕೆಲಸವನ್ನು ಮಾಡುತ್ತದೆ. ಎರಡಕ್ಕೂ ಒಡೆಯನ ಅಧಿಕಾರ, ಎಂದರೆ 'ಸುಡೋ', ಬೇಕು.

ನಾಲ್ಕನೆಯದಾಗಿ, ಇಷ್ಟಾದರೂ ಕಟ್ಟುವಿಕೆ ನಡುವೆ ನಿಂತರೆ ಅದು ಬಿಟ್ಟುಹೋದ ದಿನಚರಿಯನ್ನು ತೆರೆದು ಓದಬೇಕು. ವರ್ಚುವಲ್‌ಬಾಕ್ಸು ಇದನ್ನು 'ವಿಬಾಕ್ಸ್-ಸೆಟಪ್' ಎಂಬ ಹೆಸರಿನ ಕಡತದಲ್ಲಿ ಬರೆದಿಡುತ್ತದೆ. ಅದರಲ್ಲಿ ಹೆಸರು ಕಾಣದು, ಅಂಕಣ ಕಾಣದು ಎಂಬಂಥ ದೂರುಗಳು ತುಂಬಿದ್ದರೆ ಕಾರಣ ಸ್ಪಷ್ಟ: ಹಳಿಯ ಅಳತೆಯೇ ಬದಲಾಗಿದೆ, ನಮ್ಮಲ್ಲಿರುವ ವರ್ಚುವಲ್‌ಬಾಕ್ಸಿನ ಆವೃತ್ತಿಗೆ ಅದು ತಿಳಿಯದು. ಇಲ್ಲಿ ಎಷ್ಟು ಸಲ ಅದೇ ಆಜ್ಞೆಯನ್ನು ಒತ್ತಿದರೂ ಫಲವಿಲ್ಲ. ವರ್ಚುವಲ್‌ಬಾಕ್ಸಿನ ಹೊಸ ಆವೃತ್ತಿಯನ್ನು ತರಬೇಕು. ಅದು ಇನ್ನೂ ಬಂದಿರದಿದ್ದರೆ ಬರುವ ತನಕ ಹಿಂದಿನ ಕರ್ನೆಲ್ಲಿನಲ್ಲಿ ಕಾಲ ಕಳೆಯಬೇಕು.

ಐದನೆಯದು ಇನ್ನೊಂದು ಬಗೆಯ ತಡೆ. ಮಾಡ್ಯೂಲು ಸರಿಯಾಗಿ ಕಟ್ಟಿಯಾಗಿದೆ, ಆದರೂ ಕರ್ನೆಲ್ಲು ಅದನ್ನು ಒಳಗೆ ಬಿಡುತ್ತಿಲ್ಲ. ಕೀಲಿಯನ್ನು ಒಪ್ಪಲಾಗಲಿಲ್ಲ ಎಂಬ ಅರ್ಥದ ಸಂದೇಶ ಬರುತ್ತದೆ. ಇದು ಸೆಕ್ಯೂರ್ ಬೂಟ್ ಎಂಬ ಕಾವಲಿನ ಕೆಲಸ. ಆ ಕಾವಲಿದ್ದಾಗ ಪರಿಚಿತ ಸಹಿ ಇಲ್ಲದ ಮಾಡ್ಯೂಲಿಗೆ ಪ್ರವೇಶವಿಲ್ಲ. ಯಂತ್ರದ ಒಡೆಯನು ತನ್ನದೇ ಒಂದು ಸಹಿಯ ಕೀಲಿಯನ್ನು ಮಾಡಿಸಿ ನೋಂದಾಯಿಸಬಹುದು. ಉಬುಂಟು ಇದನ್ನು ಬಹುಮಟ್ಟಿಗೆ ತಾನೇ ಮಾಡಿಕೊಟ್ಟು ಒಂದು ಗುಪ್ತಪದವನ್ನು ಕೇಳುತ್ತದೆ. ಮುಂದಿನ ಸಲ ಯಂತ್ರ ಏಳುವಾಗ ನೀಲಿ ಪರದೆಯೊಂದು ಕಾಣಿಸಿಕೊಂಡು, ಈ ಕೀಲಿಯನ್ನು ಒಪ್ಪುವಿರಾ ಎಂದು ವಿಚಾರಿಸುತ್ತದೆ. ಎಷ್ಟೋ ಮಂದಿ ಹೆದರಿ ಅಥವಾ ಅವಸರದಲ್ಲಿ 'ಮುಂದುವರಿ' ಎಂದು ಒತ್ತಿ ದಾಟಿಬಿಡುತ್ತಾರೆ. ಅಲ್ಲಿ ನಿಂತು 'ಎನ್‌ರೋಲ್ ಮೋಕ್' ಎಂಬುದನ್ನು ಆರಿಸಿ ಅದೇ ಗುಪ್ತಪದವನ್ನು ಕೊಟ್ಟರೆ ಸಹಿ ನೋಂದಣಿಯಾಗುತ್ತದೆ.

ಆರನೆಯದು ಇತ್ತೀಚಿನದು, ತಿಳಿದವರನ್ನೂ ಕೆಲಹೊತ್ತು ತಬ್ಬಿಬ್ಬುಗೊಳಿಸಿದ್ದು. 2024ರ ನವೆಂಬರ್ 17ರಂದು 6.12ನೆಯ ಕರ್ನೆಲ್ಲು ಹೊರಬಂದಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇರುವುದೂ ಇದೇ. ಕರ್ನೆಲ್ಲಿನ ಮನೆಯೊಳಗೇ ಒಳಯಂತ್ರಗಳನ್ನು ನಡೆಸುವ ಕೆ.ವಿ.ಎಂ. ಎಂಬ ಸ್ವಂತ ಏರ್ಪಾಡು ಉಂಟು. ಮೊದಲು ಅದು ತನಗೆ ಕೆಲಸ ಬಂದಾಗ ಮಾತ್ರ ಸಂಸ್ಕಾರಕದ ವಿಶೇಷ ಶಕ್ತಿಯನ್ನು ಹಿಡಿಯುತ್ತಿತ್ತು. 6.12ರಿಂದ, ತಾನು ಒಳಬಂದ ಕೂಡಲೇ ಹಿಡಿದು ಕುಳಿತುಕೊಳ್ಳುತ್ತದೆ. ಆ ಶಕ್ತಿಯನ್ನು ಒಂದೇ ಕಾಲದಲ್ಲಿ ಇಬ್ಬರು ಹಿಡಿಯಲಾಗದು. ಮಾಡ್ಯೂಲು ಇದೆ, ಅಳತೆ ಸರಿಯಿದೆ, ಸಹಿಯೂ ಇದೆ. ಆದರೂ ವರ್ಚುವಲ್‌ಬಾಕ್ಸು 'ವಿ.ಎಂ.ಎಕ್ಸ್. ರೂಟ್ ಮೋಡ್' ಎಂದು ದೂರುತ್ತ ನಿಲ್ಲುತ್ತದೆ. ಕುರ್ಚಿಯಲ್ಲಿ ಬೇರೊಬ್ಬರು ಮೊದಲೇ ಕುಳಿತಿದ್ದಾರೆಂಬುದು ಅದರ ಅರ್ಥ. ಇಂಟೆಲ್ ಸಂಸ್ಕಾರಕವಾದರೆ 'ಕೆವಿಎಂ-ಇಂಟೆಲ್', ಎ.ಎಂ.ಡಿ. ಆದರೆ 'ಕೆವಿಎಂ-ಎಎಂಡಿ' ಎಂಬ ಮಾಡ್ಯೂಲನ್ನು 'ಮಾಡ್‌ಪ್ರೋಬ್ -ಆರ್' ಎಂಬ ಆಜ್ಞೆಯಿಂದ ಕೆಳಗಿಳಿಸಿದರೆ ತತ್ಕಾಲಕ್ಕೆ ಕುರ್ಚಿ ತೆರವಾಗುತ್ತದೆ. ಶಾಶ್ವತವಾಗಿ ಬೇಕಾದರೆ, ಕರ್ನೆಲ್ಲು ಏಳುವಾಗ ಕೊಡುವ ಸೂಚನೆಗಳಲ್ಲಿ 'ಕೆವಿಎಂ' ಬಿಂದು 'ಎನೇಬಲ್, ವರ್ಟ್, ಅಟ್, ಲೋಡ್' ಎಂಬುದನ್ನು — ಈ ನಾಲ್ಕು ಪದಗಳ ನಡುವೆ ಅಡಿಗೆರೆ — ಸೊನ್ನೆಗೆ ಸಮನಾಗಿಸಬೇಕು.

ಮುದ್ರಣಾಲಯದಲ್ಲಿ ಸಂಭವಿಸಿದ್ದು ಎರಡನೆಯ ಕಾರಣ. ಹೆಡರ್ಸ್ ಬಂದವು, ಮಾಡ್ಯೂಲು ಕಟ್ಟಿಯಾಯಿತು, ನಾಲ್ಕು ಗಂಟೆಗೆ ಹೊಸ ಕರ್ನೆಲ್ಲಿನ ಮೇಲೆಯೇ ಒಳಯಂತ್ರ ನಡೆಯಿತು. ದುರಸ್ತಿಗೆ ತಗಲಿದ್ದು ಹತ್ತು ನಿಮಿಷ. ಬೆಳಗ್ಗೆ ಅಳಿಸಲು ಬೇಕಾಗಿದ್ದದ್ದು ಒಂದು ಕ್ಷಣ.

ಇಂಥ ಫಜೀತಿ ಮತ್ತೆ ಬಾರದಂತೆ ಮಾಡಲು ಸಾಧ್ಯವೆ? ಪೂರ್ತಿಯಾಗಿ ಅಲ್ಲದಿದ್ದರೂ ಬಹಳ ಮಟ್ಟಿಗೆ ಸಾಧ್ಯ. ಕೆಲಸದ ಯಂತ್ರಕ್ಕೆ ದೀರ್ಘಕಾಲ ಪೋಷಿಸಲ್ಪಡುವ ಆವೃತ್ತಿಯನ್ನೇ ಆರಿಸಬೇಕು; ಅದರಲ್ಲಿ ಅಳತೆಗಳು ಬಹಳ ಕಡಿಮೆ ಬದಲಾಗುತ್ತವೆ. ಪರಿಷ್ಕಾರಗಳನ್ನು ಬಿಡುವಿನ ದಿನದಂದು, ಒಳಯಂತ್ರವನ್ನು ಎಬ್ಬಿಸಿ ನೋಡಲು ವ್ಯವಧಾನವಿರುವಾಗ ಒಪ್ಪಬೇಕು. ಲಗ್ನದ ಹಿಂದಿನ ಸಂಜೆ ಅಲ್ಲ. ಹಳೆಯ ಕರ್ನೆಲ್ಲನ್ನು, ಹೊಸದರಲ್ಲಿ ಎಲ್ಲವೂ ನಡೆಯುತ್ತದೆಂದು ಕಂಡುಕೊಳ್ಳುವವರೆಗೆ, ತೆಗೆಯಬಾರದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಯಸುವವರಿಗೆ ಕೆ.ವಿ.ಎಂ. ಇದ್ದೇ ಇದೆ. ಇಸ್ರೇಲಿನ ಕುಮ್ರಾನೆಟ್ ಎಂಬ ಸಂಸ್ಥೆಯಲ್ಲಿ ಹುಟ್ಟಿದ ಇದು 2007ರ ಫೆಬ್ರವರಿಯಲ್ಲಿ 2.6.20ನೆಯ ಕರ್ನೆಲ್ಲಿನೊಡನೆ ಮನೆಯೊಳಗಣ ಸದಸ್ಯನಾಯಿತು. ಅಂದಿನಿಂದ ಹಳಿಯ ಅಳತೆಯನ್ನು ಯಾರು ಬದಲಿಸಿದರೂ ಇದರ ಗಾಲಿಯನ್ನೂ ಅವರೇ ಸರಿಪಡಿಸುತ್ತ ಬಂದಿದ್ದಾರೆ. ವರ್ಚುವಲ್‌ಬಾಕ್ಸಿನ ಡಿಸ್ಕಿನ ಕಡತವನ್ನು 'ಕ್ಯೂಇಎಂಯು-ಇಮೇಜ್' ಎಂಬ ಉಪಕರಣದಿಂದ ಇದಕ್ಕೆ ಒಗ್ಗುವ ರೂಪಕ್ಕೆ ತಿರುಗಿಸಬಹುದು. ಆದರೆ ಒಳಗಿನ ವಿಂಡೋಸಿಗೆ ತನ್ನ ಸುತ್ತಲಿನ ಯಂತ್ರವೇ ಬದಲಾದಂತೆ ತೋರುವುದರಿಂದ ಅದು ಮರಳಿ ಪರವಾನಿಗೆ ಕೇಳಬಹುದು, ಕೆಲವು ಹೊಂದಿಕೆಗಳನ್ನು ಹೊಸದಾಗಿ ಮಾಡಬೇಕಾಗಬಹುದು. ನಕಲಿನ ಮೇಲೆ ಪ್ರಯೋಗ ಮಾಡಿ ನೋಡಿದ ಮೇಲೆಯೇ ಮೂಲಕ್ಕೆ ಕೈಹಚ್ಚುವುದು ವಿವೇಕ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಅಂದು ಸಂಜೆ ಯಜಮಾನರು ಮಗಳನ್ನು ಕೇಳಿದ ಪ್ರಶ್ನೆ ಅದು: "ಈ ಯಂತ್ರದೊಳಗಿನ ಯಂತ್ರ ಎಷ್ಟು ವರ್ಷ ನಡೆದೀತು?" ಅದಕ್ಕೆ ಖಚಿತವಾದ ಉತ್ತರವಿಲ್ಲ. ಒಳಯಂತ್ರವೆಂಬುದು ಹಳೆಯ ಡಬ್ಬಿಯನ್ನು ಓಡಿಸಿಕೊಂಡು ಹೋಗುವ ಉಪಾಯ. ಡಬ್ಬಿಯೊಳಗಿನ ಸಾಮಾನಿಗೆ ಅದು ಶಾಶ್ವತವಾದ ಮನೆಯಲ್ಲ.

ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿರಲಿಲ್ಲ. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಲಾಗಿತ್ತು. ಆ ವಿನ್ಯಾಸ ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲಿಯೇ, ಸ್ವಂತ ಸ್ಥಾನ ದೊರಕಿತ್ತು. ದಿನನಿತ್ಯದ ಬಳಕೆಗೆ ಅದು ಬಂದದ್ದು ಬಹಳ ತಡವಾಗಿ. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಸಿದ್ಧಪಡಿಸಿ ಉಚಿತವಾಗಿ ಒದಗಿಸಿದ್ದಾರೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳ ಬಳಿ ತಪ್ಪುಗಳು ಉಳಿಯುವುದುಂಟು. ಒಮ್ಮೆ ಕುಳಿತು ಓದಿ ತಿದ್ದಬೇಕು. ಪುಟದ ಅಂದ ಹಾಗೆಯೇ ಬರುವುದಿಲ್ಲ, ಮಾತು ಮಾತ್ರ ಬರುತ್ತದೆ. ಆದರೆ ಯೂನಿಕೋಡಿನಲ್ಲಿ ಬಂದ ಮಾತಿಗೆ ವಿಂಡೋಸು, ಲಿನಕ್ಸು, ಕೈಯಲ್ಲಿ ಹಿಡಿಯುವ ಫೋನು ಎಂಬ ಭೇದವಿಲ್ಲ. ಅದನ್ನು ಓದಲು ಒಳಯಂತ್ರವೂ ಬೇಡ, ಮಾಡ್ಯೂಲೂ ಬೇಡ.

ಎಲ್ಲ ಲಗ್ನಪತ್ರಿಕೆಗಳನ್ನೂ ತಿರುಗಿಸಬೇಕಾಗಿಲ್ಲ. ಲಗ್ನವಾದ ಮೇಲೆ ಪತ್ರಿಕೆಯ ಕೆಲಸ ಮುಗಿಯಿತು. ಆದರೆ ಊರಿನ ಕವಿಯ ವಚನಸಂಗ್ರಹದ ಇನ್ನೊಂದು ಪ್ರತಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಆ ವಾರದಿಂದ ಮುದ್ರಣಾಲಯದಲ್ಲಿ ಒಂದು ಪದ್ಧತಿ ಪ್ರಾರಂಭವಾಯಿತು. ಬಾಗಿಲು ಹಾಕುವ ಮೊದಲು ಅರ್ಧ ಗಂಟೆ ಮಗಳು ಹಳೆಯ ಕಡತವೊಂದನ್ನು ತಿರುಗಿಸುತ್ತಾಳೆ. ತಂದೆ ಕನ್ನಡಕ ಹಾಕಿಕೊಂಡು ಅಚ್ಚಾದ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಆಕೆ ಪರದೆಯ ಮೇಲೆ ಒತ್ತು, ದೀರ್ಘಗಳನ್ನು ತಿದ್ದುತ್ತಾಳೆ. ವಚನಸಂಗ್ರಹದಿಂದಲೇ ಅವರು ಮೊದಲುಮಾಡಿದ್ದಾರೆ.